ಮನೆಯ ಅಲಾರಂ: ದೂರಸಂಪರ್ಕ ಮತ್ತು ದೂರನಿಯಂತ್ರಣ

ಖರೀದಿ, ವಸೂಲಿ, ವಸ್ತುಪ್ರದರ್ಶನ ಮುಂತಾದ ಕಾರಣಗಳಿಂದ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ದಿಮೆದಾರರು ಪರವೂರುಗಳಿಗೆ ತೆರಳುವುದು ಸಾಮಾನ್ಯ. ಕುಟುಂಬವೂ ಜೊತೆಗೆ ಹೊರಟಾಗ ಬೀಗ ಹಾಕಿದ ಮನೆಯಲ್ಲಿ ನಗ-ನಾಣ್ಯಗಳಷ್ಟೇ ಅಲ್ಲ, ಚೆಕ್ ಪುಸ್ತಕ, ಲೆಕ್ಕಪತ್ರ, ಆಸ್ತಿಪತ್ರಗಳೂ ಇರುತ್ತವೆ. ಖಾಲಿ ಮನೆಯಲ್ಲಿ ಸೈರನ್ ಮೊಳಗಿದರಷ್ಟೇ ಸಾಲದು. ಸುದ್ದಿ ಮಾಲೀಕರಿಗೆ ತಲುಪಬೇಕು. ಆದುದರಿಂದ ಅಲಾರಂ ಕೊಳ್ಳುವಾಗ ಅದರ ಸಂಪರ್ಕ ವ್ಯವಸ್ಥೆಯನ್ನೇ ಮೊದಲು ಪರಿಶೀಲಿಸುವುದು ಅವಶ್ಯ.

ಸಂಪರ್ಕದ ಮಾರ್ಗಗಳು

ಬಾಗಿಲಿನ ಅಯಸ್ಕಾಂತ ಸ್ವಿಚ್ಚು ಅಥವಾ ಕೋಣೆಯ ಅತಿಗೆಂಪು ಸೆನ್ಸರ್ ನೀಡುವ ಸೂಚನೆಯನ್ನು ಮುಖ್ಯ ಪ್ಯಾನೆಲ್ ಮೂರು ಮಾರ್ಗಗಳಲ್ಲಿ ಹೊರಗೆ ಕಳುಹಿಸಬಲ್ಲದು.

1. ಸ್ಥಿರ ದೂರವಾಣಿ: ಪ್ಯಾನೆಲ್ ತಾನೇ ಸಂಖ್ಯೆಗಳನ್ನು ಡಯಲ್ ಮಾಡುತ್ತದೆ. ಆದರೆ ಹೊರಗಿನ ತಂತಿಯನ್ನು ಕತ್ತರಿಸಿದರೆ ಈ ಮಾರ್ಗ ನಿಂತುಹೋಗುತ್ತದೆ.
2. ಮೊಬೈಲ್ ಸಿಮ್: ಕರೆ ಮತ್ತು ಎಸ್ಸೆಮ್ಮೆಸ್ ಎರಡೂ ಸಾಧ್ಯ. 2ಜಿ ತಂತ್ರಜ್ಞಾನದ ಹಳೆಯ ಪ್ಯಾನೆಲ್ಲುಗಳು, 2016ರಲ್ಲಿ 4ಜಿ ಸೇವೆಯನ್ನಷ್ಟೇ ಆರಂಭಿಸಿದ ಜಿಯೋ ಜಾಲದಲ್ಲಿ ಕೆಲಸ ಮಾಡವು. ಪ್ರಿಪೇಯ್ಡ್ ಸಿಮ್‌ನ ಅವಧಿ ಮುಗಿದರೂ ಸಂಪರ್ಕ ಕಡಿಯುತ್ತದೆ.
3. ಅಂತರಜಾಲ: ಮೊಬೈಲ್ ಆ್ಯಪ್‌ನಲ್ಲಿ ಎಲ್ಲ ವಿವರಗಳೂ ದೊರೆಯುತ್ತವೆ. ಆದರೆ ವಿದ್ಯುತ್ ಹೋಗಿ ರೌಟರ್ ಆರಿದರೆ ಸುದ್ದಿ ಹೊರಡದು.

ಒಂದು ಮಾರ್ಗ ಕೈಕೊಟ್ಟಾಗ ಇನ್ನೊಂದು ನೆರವಿಗೆ ಬರುವಂತೆ ಎರಡು ಮಾರ್ಗಗಳುಳ್ಳ ಪ್ಯಾನೆಲ್ ಆರಿಸಿಕೊಳ್ಳುವುದು ಲೇಸು.

ದೂರನಿಯಂತ್ರಣ

ಕರೆ, ಎಸ್ಸೆಮ್ಮೆಸ್ ಅಥವಾ ಆ್ಯಪ್ ಮೂಲಕ ಅಲಾರಂ ಚಾಲೂ ಮಾಡುವುದು, ನಿಲ್ಲಿಸುವುದು, ಯಾವ ಕೋಣೆಯ ಸೆನ್ಸರ್ ಸೂಚನೆ ನೀಡಿತೆಂದು ತಿಳಿಯುವುದು, ಮೈಕ್ರೋಫೋನ್ ಇದ್ದಲ್ಲಿ ಮನೆಯೊಳಗಿನ ಸದ್ದನ್ನು ಆಲಿಸುವುದು ಸಾಧ್ಯ. ಈ ಅನುಕೂಲ ಅನ್ಯರ ಪಾಲಾಗಬಾರದು. ಕರೆ ಮಾಡಿದವರ ಸಂಖ್ಯೆಯನ್ನು ನಕಲು ಮಾಡಲು ಸಾಧ್ಯವಿರುವುದರಿಂದ, ಸಂಖ್ಯೆಯೊಂದನ್ನೇ ನಂಬಿ ಆಜ್ಞೆ ಪಾಲಿಸುವ ಪ್ಯಾನೆಲ್ ಸುರಕ್ಷಿತವಲ್ಲ, ಗುಪ್ತಸಂಖ್ಯೆಯೂ ಬೇಕು. ಕಾರ್ಖಾನೆಯಿಂದ ಬಂದ ಗುಪ್ತಸಂಖ್ಯೆಯನ್ನು ಅಳವಡಿಕೆಯ ದಿನವೇ ಬದಲಿಸತಕ್ಕದ್ದು. ಕೆಲಸ ಬಿಟ್ಟ ನೌಕರರ ಸಂಖ್ಯೆಗಳನ್ನು ಪಟ್ಟಿಯಿಂದ ತೆಗೆಯತಕ್ಕದ್ದು.

ಬ್ಯಾಟರಿಯ ಲೆಕ್ಕ

12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಿಂದ ಪ್ಯಾನೆಲ್ 0.2 ಆಂಪಿಯರ್ ಸೆಳೆಯುವುದೆಂದು ಭಾವಿಸೋಣ. 7 ÷ 0.2 = 35 ಗಂಟೆ. ಇದು ಕೇವಲ ಕಾಗದದ ಲೆಕ್ಕ. ಸೈರನ್ ಮೊಳಗಿದರೆ, ಬ್ಯಾಟರಿ ಹಳೆಯದಾಗಿದ್ದರೆ ಅವಧಿ ಕುಗ್ಗುತ್ತದೆ. ದೀರ್ಘ ಪ್ರವಾಸಕ್ಕೆ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ ಪರೀಕ್ಷಿಸುವುದು ಸೂಕ್ತ.

ಮೌನವೂ ಒಂದು ಸುದ್ದಿ

ಅಲಾರಂ ಸಂದೇಶ ಬಾರದಿದ್ದರೆ ಎಲ್ಲವೂ ಕ್ಷೇಮವೆಂದು ಭಾವಿಸುವುದು ಸಹಜ. ಸಿಮ್ ಅಥವಾ ಬ್ಯಾಟರಿ ನಿಷ್ಕ್ರಿಯವಾದಾಗಲೂ ಸಂದೇಶ ಬಾರದು! ಆದುದರಿಂದ ಪ್ರತಿದಿನ ನಿಗದಿತ ವೇಳೆಗೆ 'ವ್ಯವಸ್ಥೆ ಸರಿಯಿದೆ' ಎಂಬ ಸಂದೇಶ ಕಳುಹಿಸುವ ಸೌಲಭ್ಯವಿರುವ ಪ್ಯಾನೆಲ್ ಉತ್ತಮ. ಆ ಸಂದೇಶ ತಪ್ಪಿದ ದಿನ ಕೂಡಲೇ ವಿಚಾರಿಸಬೇಕು.

ಕೊನೆಯದಾಗಿ, ನೂರಾರು ಮೈಲಿ ದೂರದಲ್ಲಿರುವವರಿಗೆ ಸುದ್ದಿ ಮುಟ್ಟಿದರೂ ಸ್ಥಳಕ್ಕೆ ಧಾವಿಸಲಾಗದು. ಪ್ಯಾನೆಲ್ಲಿನ ಪಟ್ಟಿಯಲ್ಲಿ ಮಾಲೀಕರ ಜೊತೆಗೆ ವಿಶ್ವಾಸಾರ್ಹ ನೆರೆಯವರೊಬ್ಬರ ಸಂಖ್ಯೆಯೂ ಇರಲಿ. ಒಳಗೆ ಕಳ್ಳರಿರಬಹುದೆಂಬ ಸಂದೇಹವಿದ್ದಲ್ಲಿ ಅವರು ಬಾಗಿಲು ತೆರೆಯದೆ 112ಕ್ಕೆ ಕರೆ ಮಾಡುವಂತೆ ಮೊದಲೇ ತಿಳಿಸಿರತಕ್ಕದ್ದು.