ಸೋಸಿದ ನೀರೂ ಶ್ರಾವಕನ ಪರಿಮಾಣವೂ

ನೀರನ್ನು ದಟ್ಟವಾದ ವಸ್ತ್ರದಿಂದ ಸೋಸಿಯೇ ಬಳಸಬೇಕೆಂಬುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ವಸ್ತ್ರದಲ್ಲುಳಿದ ತ್ರಸಜೀವಗಳನ್ನು ನೀರು ತಂದ ಬಾವಿಗೇ ಕೆರೆಗೇ ಮರಳಿ ಬಿಡುವುದೂ ಆ ವಿಧಿಯ ಅಂಗವಾಗಿದೆ. ಬಾವಿಯು ಹಿತ್ತಿಲಿನಲ್ಲಿದ್ದಾಗ ಇದು ಸುಲಭವಾಗಿತ್ತು. ಇಂದು ಬೆಂಗಳೂರಿನ ಮಡಿವಾಳದಲ್ಲಿ ವಾಸಿಸುವ ಗೃಹಸ್ಥನು ಕೊಳಾಯಿಯ ನೀರನ್ನು ಸೋಸುತ್ತಾನೆ. ಆ ಕಾವೇರಿ ನೀರಿನ ಮೂಲವಾದರೋ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಮೂಲವು ದೂರವಾದಂತೆ ಅದರೊಡನೆ ಬರುವ ಹಿಂಸೆಯೂ ಕಣ್ಣಿಗೆ ಮರೆಯಾಗಿದೆ. ಅದನ್ನು ವಿಚಾರಮಾಡುವುದು ಈ ಪಾಠದ ಉದ್ದೇಶ.

ನೀರು ಬರುವ ದಾರಿ

ಕಾವೇರಿ ಯೋಜನೆಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ನಗರದ ಉದ್ಯಮವೂ ಜನಸಂಖ್ಯೆಯೂ ಬೆಳೆದಂತೆ ಹಂತಗಳೂ ಬೆಳೆದು, 2024ರಲ್ಲಿ ಐದನೆಯ ಹಂತವು ಉದ್ಘಾಟನೆಯಾಯಿತು. ನಗರವು ನದಿಗಿಂತ ಬಹಳ ಎತ್ತರದಲ್ಲಿರುವುದರಿಂದ ಈ ನೀರನ್ನು ಸುಮಾರು 500 ಮೀಟರ್ ಮೇಲಕ್ಕೆತ್ತಬೇಕು. 1000 ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು, ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, 1.36 ಯೂನಿಟ್ ವಿದ್ಯುತ್ತು ಬೇಕೆಂದು ಗಣಿತವು ತಿಳಿಸುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ಪಡೆಯಲು ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯಬೇಕು. 1985ರಲ್ಲಿ ಆರಂಭವಾದ ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ನಡೆಯುವ ಕಾರ್ಯ ಇದೇ. ಹೊಗೆಯೂ ಬೂದಿಯೂ ಅಲ್ಲಿ ಉಳಿಯುತ್ತವೆ, ನೀರು ಮಾತ್ರ ಇಲ್ಲಿಗೆ ಬರುತ್ತದೆ.

ನೀರು ಹೋಗುವ ದಾರಿ

ಬಳಸಿದ ನೀರು ಚರಂಡಿಗಿಳಿಯುತ್ತದೆ. ಮಡಿವಾಳ ಕೆರೆಯ ಹೆಚ್ಚುವರಿ ನೀರು ಅಗರ ಕೆರೆಯ ಮೂಲಕ ಬೆಳ್ಳಂದೂರು ಕೆರೆಯನ್ನು ಸೇರುತ್ತದೆ. ನಗರದ ಅನೇಕ ಬಡಾವಣೆಗಳ ಕೊಳಚೆಯೂ ಬಟ್ಟೆ ತೊಳೆಯುವ ಪುಡಿಗಳ ರಾಸಾಯನಿಕಗಳೂ ಬೆಳ್ಳಂದೂರಿನಲ್ಲಿ ಕೂಡಿ ನೊರೆಯು ಬೆಟ್ಟದಂತೆ ಎದ್ದಿತು. 2015ರಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2017 ಮತ್ತು 2018ರಲ್ಲಿಯೂ ಕೆರೆಯಲ್ಲಿ ಬೆಂಕಿ ಕಾಣಿಸಿತು. ಜಲಕಾಯಿಕ ಜೀವಗಳಿಗೂ ಅವುಗಳನ್ನಾಶ್ರಯಿಸಿದ ಮೀನು, ಕಪ್ಪೆ, ಹಕ್ಕಿಗಳಿಗೂ ಆದ ಹಾನಿಯನ್ನು ಎಣಿಸುವವರಾರು? ಕೊಳಚೆಯನ್ನು ಶುದ್ಧಿಮಾಡುವ ಯಂತ್ರಗಳಿಗೂ ಮತ್ತೆ ವಿದ್ಯುತ್ತೇ ಬೇಕು.

ಮೂರು ಕೊಂಡಿಗಳು

ಇಲ್ಲಿ ಮೂರು ಕೊಂಡಿಗಳನ್ನು ಗುರುತಿಸಬಹುದು. ಸಂಪತ್ತು ಬೆಳೆದಂತೆ ಬಳಕೆ ಬೆಳೆಯುವುದು ಮೊದಲನೆಯದು. ಬಳಕೆಗೆ ತಕ್ಕಂತೆ ಶಕ್ತಿ ವ್ಯಯವಾಗುವುದು ಎರಡನೆಯದು. ಶಕ್ತಿಯ ಉತ್ಪಾದನೆಯಿಂದ ಮಾಲಿನ್ಯವುಂಟಾಗುವುದು ಮೂರನೆಯದು. ಹಾಗೆಂದು ಬೆಳವಣಿಗೆಯನ್ನು ನಿಂದಿಸುವುದು ಸರಿಯಲ್ಲ. ಆಸ್ಪತ್ರೆಯ ದೀಪವೂ ಹೊಗೆಯಿಲ್ಲದ ಒಲೆಯೂ ಅದರ ಫಲಗಳೇ. ಮೂರನೆಯ ಕೊಂಡಿಯನ್ನು ಸಡಿಲಿಸುವ ಕೆಲಸವೂ ನಡೆದಿದೆ. ಪಾವಗಡದ ಸೌರವಿದ್ಯುತ್ ಕ್ಷೇತ್ರದ ಸಾಮರ್ಥ್ಯ 2050 ಮೆಗಾವ್ಯಾಟ್. ಕಲ್ಲಿದ್ದಲಿನಿಂದಲೇ ಕೈಗಾರಿಕೆ ಕಟ್ಟಿದ ಬ್ರಿಟನ್ 2024ರಲ್ಲಿ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರವನ್ನು ಮುಚ್ಚಿತು.

ಎರಡನೆಯ ಕೊಂಡಿಯ ವಿಷಯ ಸೂಕ್ಷ್ಮವಾದುದು. ಉಗಿಯಂತ್ರಗಳು ಮಿತವ್ಯಯಿಗಳಾದಷ್ಟೂ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುವುದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ತೋರಿಸಿದನು. 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ದೀಪ ಕೊಡುತ್ತದೆ. ಆದರೆ ಒಂದು ದೀಪವಿದ್ದ ಮನೆಯಲ್ಲಿ ಏಳು ದೀಪ ಉರಿದರೆ 63 ವ್ಯಾಟ್ ಆಯಿತು, ಉಳಿತಾಯವೆಲ್ಲಿ? ಮಡಿವಾಳದ ಸಮೀಪದಲ್ಲಿಯೇ ಹೊಸೂರು ರಸ್ತೆಯ ಎತ್ತರಿಸಿದ ಹೆದ್ದಾರಿ 2010ರಲ್ಲಿ ತೆರೆಯಿತು, ಸಿಲ್ಕ್ ಬೋರ್ಡ್ ಮೂಲಕ ಹಾದುಹೋಗುವ ಮೆಟ್ರೋ 2025ರಲ್ಲಿ ಬಂದಿತು. ಈ ನಡುವೆ ನಗರದ ವಾಹನಗಳು ಒಂದು ಕೋಟಿಯನ್ನು ಮೀರಿದವು. ಸೌಕರ್ಯವು ಬೆಳೆದಂತೆ ಬಯಕೆಯೂ ಬೆಳೆದರೆ ದಕ್ಷತೆಯ ಲಾಭವು ಕರಗಿಹೋಗುತ್ತದೆ.

ವ್ರತದ ಸ್ಥಾನ

ಆದುದರಿಂದ ಮೊದಲನೆಯ ಕೊಂಡಿಯನ್ನು ಹಿಡಿಯಬೇಕಾದವನು ಗೃಹಸ್ಥನೇ. ಇದಕ್ಕೆ ಹೊಸ ವ್ರತವು ಬೇಕಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಭೇದವಾದ ಪ್ರಮಾದಚರ್ಯೆಯನ್ನು ವಿವರಿಸುತ್ತಾ, ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಬಳಸುವುದು, ಗಿಡಮರಗಳನ್ನು ಕಡಿಯುವುದು, ವೃಥಾ ತಿರುಗಾಡುವುದು, ಪರರನ್ನು ತಿರುಗಾಡಿಸುವುದು ಇವೆಲ್ಲವನ್ನೂ ಅದರಲ್ಲಿ ಸೇರಿಸಿದ್ದಾರೆ. ಭೋಗೋಪಭೋಗಪರಿಮಾಣ ವ್ರತದಲ್ಲಿ ಆಹಾರದೊಡನೆ ವಾಹನವನ್ನೂ ಸ್ನಾನವನ್ನೂ ಹೆಸರಿಸಿದ್ದಾರೆ. ಪರಿಮಿತಿಯು ಒಂದು ದಿನ, ಪಕ್ಷ, ಮಾಸ, ಋತು ಅಥವಾ ಅಯನದ ಮಟ್ಟಿಗಿದ್ದರೆ ನಿಯಮ, ಯಾವಜ್ಜೀವವಾದರೆ ಯಮ.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿದ್ದು ಒಲೆಯನ್ನು ಆರಿಸಿದ ಮನೆಯಲ್ಲಿ ದಿನವಿಡೀ ಹವಾನಿಯಂತ್ರಣ ಯಂತ್ರವು ನಡೆದರೆ, ಕಣ್ಣೆದುರಿನ ಅಗ್ನಿಯು ಆರಿತೇ ಹೊರತು ದೂರದ ಅಗ್ನಿಯು ಆರಲಿಲ್ಲ. ಪರಿಮಾಣವೆಂದರೆ ಅಳತೆ. ಅಳತೆಯ ಸಾಧನವು ಪ್ರತಿ ಮನೆಯ ಗೋಡೆಯ ಮೇಲೆಯೇ ಇದೆ. ಶ್ರಾವಕನು ಪಕ್ಷಕ್ಕೊಮ್ಮೆ, ಚತುರ್ದಶಿಯಂದು, ವಿದ್ಯುತ್ತು ಮತ್ತು ನೀರಿನ ಮೀಟರುಗಳ ಅಂಕಿಗಳನ್ನು ಬರೆದಿಡಲಿ. ಮುಂದಿನ ಪಕ್ಷಕ್ಕೆ ಇಷ್ಟೇ ಯೂನಿಟ್, ಇಷ್ಟೇ ನೀರು, ಇಷ್ಟೇ ಪ್ರಯಾಣ ಎಂದು ಮನೆಯವರೆಲ್ಲರೂ ಕೂಡಿ ಗೊತ್ತುಮಾಡಿಕೊಳ್ಳಲಿ. ರೋಗಿಗಳು, ವೃದ್ಧರು, ಶಿಶುಗಳು ಇರುವಲ್ಲಿ ಅವರ ಅಗತ್ಯವನ್ನು ಬಿಟ್ಟೇ ಮಿತಿಯನ್ನಿಡಬೇಕು. ಮೊದಲು ನಾಲ್ಕು ತಿಂಗಳ ಚಾತುರ್ಮಾಸದ ಮಟ್ಟಿಗೆ ನಡೆಸಿ, ನಿರ್ವಹಿಸಲು ಸಾಧ್ಯವಾದುದನ್ನು ಮುಂದುವರಿಸುವುದು ಯೋಗ್ಯ.