ಟಕ್ಕೆನ್ನುವ ಟ್ರ್ಯಾಕ್ಟರಿಗೆ ಕಿವಿಗೊಡಿ

ಮುಂಡರಗಿ, ಲಕ್ಷ್ಮೇಶ್ವರಗಳ ಎರೆಹೊಲಗಳಲ್ಲಿ ಹಿಂಗಾರಿ ಕಡಲೆಯ ಬಿತ್ತನೆಗೆ ಹದವೊದಗಿ, ಕೂರಿಗೆ ಸಿದ್ಧವಾಗಿ ನಿಂತಿರುವ ಪ್ರಾತಃಕಾಲದಲ್ಲಿಯೇ, ತಿಂಗಳುಗಟ್ಟಲೆ ನಿದ್ರಿಸಿದ್ದ ಸಣ್ಣ ಟ್ರ್ಯಾಕ್ಟರು ಕೀಲಿ ತಿರುವಿದೊಡನೆ 'ಟಕ್' ಎಂದು ಮೌನ ತಾಳಿದರೆ ಒಡೆಯನು ವ್ಯಗ್ರನಾಗುವುದು ಸಹಜವೇ. ಆದರೂ ಗದಗ-ಬೆಟಗೇರಿಯ ಗ್ಯಾರೇಜಿಗೆ ಹೇಳಿಕಳುಹಿಸುವ ಮುನ್ನ ಆ ಶಬ್ದಕ್ಕೆ ಕಿವಿಗೊಡಬೇಕು. ಟಕಟಕನೆ ಸತತವಾಗಿ ಮಿಡಿದರೆ ಬಹುಮಟ್ಟಿಗೆ ಬ್ಯಾಟರಿಯೇ ಕ್ಷೀಣಿಸಿದೆಯೆಂದರಿಯಿರಿ: ಪೂರ್ಣ ಚಾರ್ಜಾದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಬೇಕು. ಆದರೆ ಹೊಸದಕ್ಕೆ ಹಣ ತೆರುವ ಆತುರ ಬೇಡ. (ನಾನೊಮ್ಮೆ ತೆತ್ತು, ದೋಷವೆಲ್ಲ ಟರ್ಮಿನಲ್ಲಿನ ಬಿಳಿಯ ಕಿಲುಬಿನಲ್ಲಿತ್ತೆಂಬುದನ್ನು ಆಮೇಲೆ ಕಂಡುಕೊಂಡೆ.) ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೀಲಿ ತೆಗೆದು, ಮೊದಲು ಋಣ ತಂತಿಯನ್ನೂ ಅನಂತರ ಧನ ತಂತಿಯನ್ನೂ ಬಿಚ್ಚಿ, ಅಡಿಗೆ ಸೋಡಾ ಕಲಸಿದ ನೀರಿನಿಂದ ಕಿಲುಬನ್ನು ತೊಳೆದು, ಒರಸಿ, ಹೊಳೆಯುವಂತೆ ಉಜ್ಜಿ, ಧನವನ್ನೇ ಮೊದಲು ಬಿಗಿಯಿರಿ, ಚಾಸಿಗೆ ಕೂಡುವ ಅರ್ತ್ ತಂತಿಯ ಬುಡವನ್ನಂತೂ ಮರೆಯಲಾಗದು, ಎರೆಮಣ್ಣಿನ ಧೂಳೂ ತೇವವೂ ಅಲ್ಲಿಯೇ ಮನೆಮಾಡುವುವು. ಒಂದೇ ಗಟ್ಟಿ 'ಟಕ್' ಕೇಳಿಬಂದು, ದೀಪವು ಮಂಕಾಗದೆ ಉರಿಯುತ್ತಿದ್ದರೆ, ಸೊಲೆನಾಯ್ಡಿನ ಸಂಪರ್ಕಬಿಂದುಗಳೋ ಸ್ಟಾರ್ಟರಿನ ಕಾರ್ಬನ್ ಬ್ರಷ್ಷುಗಳೋ ಸವೆದಿರಬಹುದು. ಶಿರಹಟ್ಟಿಗೋ ಗದಗಿಗೋ ಹೋಗುವಾಗ ಸ್ಟಾರ್ಟರನ್ನು ಬಿಚ್ಚಿಕೊಂಡೊಯ್ದು ತೋರಿಸಿ. ಸ್ಟಾರ್ಟರಿನ ಟರ್ಮಿನಲ್ಲುಗಳಿಗೆ ಸ್ಕ್ರೂಡ್ರೈವರನ್ನು ಅಡ್ಡವಿಟ್ಟು ಕಿಡಿ ಹಾರಿಸಿ ಎಬ್ಬಿಸುವ ಚಮತ್ಕಾರ ಮಾತ್ರ ಬೇಡ. ಗೇರಿನಲ್ಲಿರುವ ಗಾಡಿಯು ಹಾಗೆ ಎದ್ದಿತೆಂದರೆ ಪಕ್ಕದಲ್ಲಿ ನಿಂತವನ ಮೇಲೆಯೇ ಹರಿದೀತು.