ಮೇವು ಬದಲಾದಾಗ ಕುರಿಯ ಕರುಳನ್ನು ಕಾಯುವುದು ಹೇಗೆ?

ಹೊಳಲು, ಹೂವಿನಹಡಗಲಿ, ಹರಪನಹಳ್ಳಿ ಕಡೆ ಮೆಕ್ಕೆಜೋಳದ ತೆನೆ ಮುರಿದ ಮೇಲೆ ಹೊಲವನ್ನು ಕುರಿಗಳಿಗೆ ಬಿಡುವುದು ವಾಡಿಕೆ. ಕುರಿಗೆ ಮೇವು, ಹೊಲಕ್ಕೆ ಗೊಬ್ಬರ, ಇಬ್ಬರಿಗೂ ಲಾಭ. ಆದರೆ ಇದೇ ದಿನಗಳಲ್ಲಿ, ಸಂಜೆ ಹೊಟ್ಟೆ ತುಂಬ ಮೇಯ್ದು ಬಂದ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವುದೂ ಉಂಟು. ಸಾಯುವುದು ಬಡಕಲು ಮರಿಯಲ್ಲ. ಹಿಂಡಿನಲ್ಲಿಯೇ ಚೆನ್ನಾಗಿ ಮೈತುಂಬಿಕೊಂಡು ಸಂತೆಗೆ ಸಿದ್ಧವಾದದ್ದು. ಹಾವು ಕಚ್ಚಿತು, ದೃಷ್ಟಿ ತಗುಲಿತು ಎಂದು ಸುಮ್ಮನಾಗಬೇಡಿ. ಕಾರಣ ಬಹುಮಟ್ಟಿಗೆ ಅದರ ಹೊಟ್ಟೆಯಲ್ಲಿಯೇ ಇರುತ್ತದೆ.

ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು

ಕುರಿ ತಿಂದ ಸೊಪ್ಪೆ, ಹೊಟ್ಟುಗಳನ್ನು ಜೀರ್ಣಿಸುವುದು ಅದರ ದೊಡ್ಡ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು. ಅಲ್ಲಿನ ರಸದ ಒಂದು ಮಿಲಿಲೀಟರಿನಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ನಾರನ್ನು ಕರಗಿಸುವವು ಕೆಲವು, ಕಾಳಿನ ಪಿಷ್ಟವನ್ನು ಕರಗಿಸುವವು ಕೆಲವು. ಯಾವ ಮೇವು ಹೆಚ್ಚೋ ಅದಕ್ಕೆ ತಕ್ಕವು ಹೆಚ್ಚುತ್ತವೆ. ಈ ಹೊಂದಾಣಿಕೆಗೆ ಎರಡು-ಮೂರು ವಾರ ಬೇಕು.

ಒಣ ಮೇವು ತಿನ್ನುತ್ತಿದ್ದ ಕುರಿ ಒಂದೇ ದಿನ ಬಿದ್ದ ತೆನೆಗಳನ್ನೆಲ್ಲ ತಿಂದರೆ, ಪಿಷ್ಟವನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಬೆಳೆಯುತ್ತವೆ. ಹೊಟ್ಟೆಯ ರಸಸಾರ 6ರಿಂದ 7 ಇದ್ದದ್ದು 5ಕ್ಕೂ ಇಳಿಯಬಹುದು. ನಾರು ಕರಗಿಸುವವು ಸಾಯುತ್ತವೆ. ಕುರಿ ಮೆಲುಕು ನಿಲ್ಲಿಸಿ, ಹೊಟ್ಟೆ ಉಬ್ಬಿ, ಭೇದಿ ಮಾಡಿ ನೆಲ ಹಿಡಿಯುತ್ತದೆ. ಇದು ಆಮ್ಲ ಹೆಚ್ಚಿದ ಅಜೀರ್ಣ.

ಕರುಳುಬೇನೆ

ಜೀರ್ಣವಾಗದೆ ಉಳಿದ ಪಿಷ್ಟ ಕರುಳಿಗೆ ಜಾರಿದರೆ ಅಪಾಯ ಇನ್ನೂ ಹೆಚ್ಚು. ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಕ್ಲಾಸ್ಟ್ರೀಡಿಯಂ ಪರ್ಫ್ರಿಂಜನ್ಸ್ ಎಂಬ ಬ್ಯಾಕ್ಟೀರಿಯಾ ಸ್ವಲ್ಪ ಸಂಖ್ಯೆಯಲ್ಲಿ ಇರಬಹುದು. ಪಿಷ್ಟ ಸಿಕ್ಕೊಡನೆ ಅದು ಹೆಚ್ಚಿ ವಿಷ ಕಾರುತ್ತದೆ. ವಿಷ ರಕ್ತಕ್ಕೆ ಸೇರಿ ಮಿದುಳನ್ನು ತಲುಪಿದರೆ ಮರಿ ಕತ್ತು ಹಿಂದಕ್ಕೆ ಸೆಳೆದು, ಕಾಲು ಬಡಿದು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಹೆಚ್ಚು ತಿನ್ನುವ ಮರಿಯೇ ಮೊದಲು ಸಾಯಲು ಇದೇ ಕಾರಣ. ಮೊದಲ ಮಳೆಯ ಎಳೆ ಹುಲ್ಲನ್ನು ಹಸಿದ ಕುರಿ ಅತಿಯಾಗಿ ಮೇಯ್ದಾಗಲೂ ಹೀಗಾಗಬಹುದು.

ಮೊಲ ಸಾಕುವವರಿಗೂ ಈ ಪಾಠ ಅನ್ವಯಿಸುತ್ತದೆ. ನಾರು ಕಡಿಮೆಯಾಗಿ ಕಾಳು ಹೆಚ್ಚಾದರೆ ಮೊಲದ ಕರುಳಿನಲ್ಲಿಯೂ ಇದೇ ಕುಲದ ಬ್ಯಾಕ್ಟೀರಿಯಾಗಳು ಹೆಚ್ಚಿ, ಭೇದಿಯಿಂದ ಮರಿಗಳು ಸಾಯುತ್ತವೆ.

ಹೊಲಕ್ಕೆ ಬಿಡುವ ಮುನ್ನ

1. ಬಿದ್ದ ತೆನೆಗಳನ್ನು ಮೊದಲು ಆಯ್ದುಕೊಳ್ಳಿರಿ. ಕಾಳಿನ ರಾಶಿ ಕುರಿಗೆ ಸಿಗದಂತಿರಲಿ.

2. ಬೆಳಿಗ್ಗೆ ಸೊಪ್ಪೆ ಅಥವಾ ಶೇಂಗಾ ಹೊಟ್ಟು ತಿನ್ನಿಸಿ, ಅನಂತರ ಹೊಲಕ್ಕೆ ಬಿಡಬೇಕು. ಮೊದಲ ಮೂರು ದಿನ ಅರ್ಧ ಗಂಟೆ ಸಾಕು. ಬಳಿಕ ಎರಡು ವಾರಗಳಲ್ಲಿ ಕ್ರಮೇಣ ಹೊತ್ತನ್ನು ಹೆಚ್ಚಿಸಿರಿ.

3. ಕೊಬ್ಬಿಸುವ ಮರಿಗಳಿಗೆ ಕಾಳನ್ನು ದಿನಕ್ಕೆ 50 ಗ್ರಾಂನಿಂದ ಆರಂಭಿಸಿ, ಮೂರು-ನಾಲ್ಕು ದಿನಗಳಿಗೊಮ್ಮೆ 50 ಗ್ರಾಂ ಏರಿಸಿರಿ. ಅದನ್ನು ಎರಡು ಹೊತ್ತಿಗೆ ಹಂಚಿ ಕೊಡುವುದು ಒಳ್ಳೆಯದು.

ರೋಗನಿರೋಧಕ ಶಕ್ತಿ

ಗರ್ಭದಲ್ಲಿರುವ ಮರಿಗೆ ತಾಯಿಯ ರಕ್ತದಿಂದ ರೋಗನಿರೋಧಕ ವಸ್ತುಗಳು ದಾಟುವುದಿಲ್ಲ. ಅವು ಸಿಗುವುದು ಗಿಣ್ಣದ ಹಾಲಿನಿಂದ ಮಾತ್ರ; ಮರಿಯ ಕರುಳು ಅವನ್ನು ಹೀರಿಕೊಳ್ಳುವುದೂ ಮೊದಲ ದಿನವಷ್ಟೇ. ಆದುದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣ ಕುಡಿಸಿರಿ. ಮೊದಲೇ ಲಸಿಕೆ ಪಡೆದ ತಾಯಿಗೆ ಈಯುವ 3-4 ವಾರ ಮುಂಚೆ ಮತ್ತೊಮ್ಮೆ ಕರುಳುಬೇನೆ ಲಸಿಕೆ ಹಾಕಿಸಿದರೆ ಆ ರಕ್ಷಣೆ ಹಾಲಿನ ಮೂಲಕ ಮರಿಗೂ ಬರುತ್ತದೆ. ಮರಿಗಳಿಗೆ 3-4 ತಿಂಗಳಾದಾಗ ಮೊದಲ ಲಸಿಕೆ, 14ರಿಂದ 21 ದಿನಗಳ ಬಳಿಕ ಎರಡನೆಯದು. ಆಮೇಲೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ. ಎರಡನೆಯ ಚುಚ್ಚುಮದ್ದು ಹಾಕಿಸಿ ಎರಡು ವಾರ ಕಳೆದ ಮೇಲೆಯೇ ಮರಿಗಳನ್ನು ಮೆಕ್ಕೆಜೋಳದ ಹೊಲಕ್ಕೆ ಬಿಡುವುದು ಕ್ಷೇಮ.

ಒಂದು ಮಾತನ್ನು ಮರೆಯಬಾರದು. ಲಸಿಕೆ ತಡೆಯುವುದು ಕರುಳುಬೇನೆಯ ವಿಷವನ್ನು ಮಾತ್ರ. ಆಮ್ಲದ ಅಜೀರ್ಣಕ್ಕೆ ಲಸಿಕೆಯಿಲ್ಲ. ಅದಕ್ಕೆ ಮೇವಿನ ಎಚ್ಚರವೊಂದೇ ದಾರಿ.

ಕಾಳು ತಿಂದು ಮಂಕಾದ ಕುರಿಗೆ ಕಾಳನ್ನು ನಿಲ್ಲಿಸಿ ಒಣ ಮೇವು ಕೊಡಿರಿ. ತಡಮಾಡದೆ ಪಶುವೈದ್ಯರನ್ನು ಕರೆಸಿರಿ. ಅವರ ಸಲಹೆಯಿಲ್ಲದೆ ಜೀವನಿರೋಧಕ ಗುಳಿಗೆ ನುಂಗಿಸಬೇಡಿ. ಅದು ಹೊಟ್ಟೆಯ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ.

2019ರ ಜಾನುವಾರು ಗಣತಿಯಂತೆ ನಮ್ಮ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಒಂದೊಂದರ ಹಿಂದೆಯೂ ಒಂದು ಸಂಸಾರದ ಆದಾಯವಿದೆ. ಈ ಸಲ ತೆನೆ ಮುರಿದ ಹೊಲಕ್ಕೆ ಹಿಂಡು ಬರುವ ಮುನ್ನ ಹೊಲದ ಒಡೆಯರೂ ಕುರಿಗಾರರೂ ಕೂಡಿ ಬಿದ್ದ ತೆನೆ ಆಯ್ದು, ಎರಡು ವಾರಗಳ ತಾಳ್ಮೆ ತೋರಿದರೆ ಆ ಆದಾಯ ಉಳಿದೀತು.